22 ಸೀಟು, ಒಂದು ಪೆನ್ಸಿಲ್: ಮುಂದಿನ ವರ್ಷದ ಚಾಲಕರನ್ನು ಊಹಿಸುವ ಬಗೆ

ಮೊದಲು ಚಾಲಕರನ್ನು ಮರೆತು ಸೀಟುಗಳನ್ನು ಎಣಿಸಿ. ಫಾರ್ಮುಲಾ ಒನ್‌ನ ಮುಂದಿನ ವರ್ಷದ ಚಿತ್ರ ಬರೆಯಲು ಕುಳಿತವರೆಲ್ಲ ‘ಯಾರು ಎಲ್ಲಿಗೆ ಹೋಗುತ್ತಾರೆ’ ಎಂದು ಶುರುಮಾಡುತ್ತಾರೆ. ನಾನು ‘ಎಲ್ಲಿ ಜಾಗ ತೆರವಾಗುತ್ತದೆ’ ಎಂದು ಕೇಳಿಕೊಳ್ಳುತ್ತೇನೆ. ಎಷ್ಟೇ ಪ್ರತಿಭೆಯಿದ್ದರೂ ಕೂರಲು ಜಾಗ ಇಲ್ಲದಿದ್ದರೆ ಅವನು ಮುಂದಿನ ವರ್ಷವೂ ಗ್ಯಾರೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಿರುತ್ತಾನೆ.

ನಾನು ಭೋಸರಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ದಿನವಿಡೀ ಕರಾರು ಪತ್ರಗಳೇ ನನ್ನ ಊಟ. ಧಾರವಾಡದಿಂದ ಪುಣೆಗೆ ಬಂದು 19 ವರ್ಷವಾಯಿತು. ತಮ್ಮನ ಮಗ ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲಿದ್ದಾನೆ. ಯುರೋಪಿನ ಹೆಚ್ಚಿನ ರೇಸ್‌ಗಳು ನಮ್ಮ ಗಡಿಯಾರದಲ್ಲಿ ಭಾನುವಾರ ಸಂಜೆ ಆರೂವರೆಗೆ ಶುರುವಾಗುತ್ತವೆ. ಅಷ್ಟರೊಳಗೆ ರೊಟ್ಟಿ ಬಡಿದು ಮುಗಿಸಿ, ನೋಟ್‌ಬುಕ್ ತೆಗೆದು ಇಬ್ಬರೂ ಟಿ.ವಿ. ಮುಂದೆ ಕೂರುತ್ತೇವೆ. ಆ ನೋಟ್‌ಬುಕ್ ಶುರುವಾದದ್ದು 2016ರಲ್ಲಿ. ಇಲ್ಲಿ ಹೇಳುವುದೆಲ್ಲ ಅದರಲ್ಲಿ ತಪ್ಪಿ, ಅಳಿಸಿ, ತಿದ್ದಿ ಕಲಿತದ್ದು.

ಹನ್ನೊಂದು ಸಾಲು ಗೆರೆ ಹಾಕಿ. 2026ರಿಂದ ಕ್ಯಾಡಿಲಾಕ್ ಸೇರಿ ತಂಡಗಳು ಹನ್ನೊಂದು, ಸೀಟುಗಳು 22. ಪ್ರತಿ ಸಾಲಿಗೆ ಎರಡು ಮನೆ. ಯಾವ ವರ್ಷದವರೆಗೆ ಎಂದು ತಂಡವೇ ಪ್ರಕಟಿಸಿದ್ದರೆ ಹೆಸರನ್ನು ಪೆನ್ನಿನಲ್ಲಿ ಬರೆದು ಪಕ್ಕದಲ್ಲಿ ಇಸವಿ ಹಾಕಿ. ‘ಬಹು ವರ್ಷಗಳ ಒಪ್ಪಂದ’ ಎಂದಷ್ಟೇ ಹೇಳಿ ಇಸವಿ ನುಂಗಿಕೊಂಡಿದ್ದರೆ ಪೆನ್ಸಿಲ್. ಏನನ್ನೂ ಹೇಳದಿದ್ದರೆ ಖಾಲಿ ಬಿಡಿ. ಮನಸ್ಸು ಎಷ್ಟು ಎಳೆದರೂ ಈ ಹಂತದಲ್ಲಿ ಖಾಲಿ ಮನೆಗೆ ಹೆಸರು ತುಂಬಬೇಡಿ.

ಇನ್ನು ಪೆನ್ನಿನ ಹೆಸರುಗಳನ್ನೂ ಅನುಮಾನದಿಂದ ನೋಡುವುದನ್ನು ಕಲಿಯಬೇಕು. 2023ರ ಆಗಸ್ಟ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮರ್ಸಿಡಿಸ್ ಜೊತೆ 2025ರವರೆಗೆ ಸಹಿ ಹಾಕಿದರು. ನಾನು ದಪ್ಪಕ್ಷರದಲ್ಲಿ ಬರೆದೆ. 2024ರ ಫೆಬ್ರುವರಿ 1ರಂದು ಫೆರಾರಿಗೆ ಹೋಗುವ ಸುದ್ದಿ ಬಂತು. ಕರಾರಿನೊಳಗೇ ಒಂದು ವರ್ಷದ ನಂತರ ಹೊರನಡೆಯುವ ಬಾಗಿಲಿತ್ತು. ಆ ಸಂಜೆ ನನಗೆ ನನ್ನ ಮೇಲೆಯೇ ಕೋಪ ಬಂತು. ಎರಡು ವರ್ಷದ ದರ ಕರಾರು ಅನೇಕ ಸಲ ಒಂದು ವರ್ಷ, ಮೇಲೆ ಇನ್ನೊಂದು ಎಂದು ಕಾರ್ಖಾನೆಯಲ್ಲಿ ಪ್ರತಿದಿನ ಓದುವವಳು ನಾನು. ಸೆರ್ಜಿಯೊ ಪೆರೆಜ್ ಅವರ ಕಥೆ ಇದರ ಇನ್ನೊಂದು ಮಗ್ಗುಲು. 2024ರ ಜೂನ್‌ನಲ್ಲಿ ರೆಡ್ ಬುಲ್ ತಂಡ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು, ಡಿಸೆಂಬರ್‌ನಲ್ಲಿ ಅವರು ಹೊರಗೆ. ಅವರ ಜಾಗಕ್ಕೆ ಬಂದ ಲಿಯಾಮ್ ಲಾಸನ್ ಎರಡೇ ರೇಸ್ ಓಡಿಸಿದರು. ಜಪಾನಿನ ಸುಜುಕಾ ರೇಸ್ ಹೊತ್ತಿಗೆ ಆ ಕಾರಿನಲ್ಲಿ ಯುಕಿ ತ್ಸುನೋಡಾ ಇದ್ದರು. ಆದ್ದರಿಂದ ಪೆನ್ನಿನ ಹೆಸರಿನ ಕೆಳಗೆ ಒಂದು ಸಣ್ಣ ಟಿಪ್ಪಣಿ ಬರೆಯಿರಿ: ಇದನ್ನು ಮುರಿಯಬಲ್ಲವರು ಯಾರು, ತಂಡವೋ ಚಾಲಕನೋ?

ಈಗ ಅಳಗುಳಿ ಮಣೆಯನ್ನು ನೆನಪಿಸಿಕೊಳ್ಳಿ. ಒಂದು ಗುಳಿಯ ಹರಳೆತ್ತಿ ಹಂಚಿದರೆ ಆಚೆ ಬದಿಯ ಗುಳಿಯ ಲೆಕ್ಕವೂ ಬದಲಾಗುತ್ತದೆ. 2022 ಇದಕ್ಕೆ ಅತ್ಯುತ್ತಮ ಪಾಠ. ಜುಲೈ 28ರಂದು ಸೆಬಾಸ್ಟಿಯನ್ ವೆಟೆಲ್ ನಿವೃತ್ತಿ ಪ್ರಕಟಿಸಿದರು. ಆಗಸ್ಟ್ 1ರಂದು ಫರ್ನಾಂಡೊ ಅಲೊನ್ಸೊ ಆಲ್ಪೀನ್ ಬಿಟ್ಟು ವೆಟೆಲ್ ಅವರ ಆಸ್ಟನ್ ಮಾರ್ಟಿನ್ ಸೀಟು ಹಿಡಿದರು. ಮರುದಿನ ಆಲ್ಪೀನ್ ಆಸ್ಕರ್ ಪಿಯಾಸ್ಟ್ರಿ ಅವರ ಹೆಸರು ಘೋಷಿಸಿತು. ಅದೇ ದಿನ ಪಿಯಾಸ್ಟ್ರಿ ‘ನಾನು ಸಹಿ ಹಾಕಿಲ್ಲ’ ಎಂದರು. ಸೆಪ್ಟೆಂಬರ್ 2ರಂದು ಒಪ್ಪಂದಗಳನ್ನು ತೀರ್ಮಾನಿಸುವ ಮಂಡಳಿ, ಪಿಯಾಸ್ಟ್ರಿ ಸಹಿ ಹಾಕಿದ್ದ ಮೆಕ್ಲಾರೆನ್ ಪರ ತೀರ್ಪು ಕೊಟ್ಟಿತು. ಮೆಕ್ಲಾರೆನ್‌ನಲ್ಲಿದ್ದ ಡೇನಿಯಲ್ ರಿಕಾರ್ಡೊ ಸೀಟು ಕಳೆದುಕೊಂಡರು. ಆಲ್ಪೀನ್‌ನ ಖಾಲಿ ಗುಳಿಗೆ ಆಲ್ಫಾಟೌರಿಯಿಂದ ಪಿಯೆರ್ ಗ್ಯಾಸ್ಲಿ ಬಂದರು. ಕೊನೆಗೆ ಉಳಿದದ್ದು ಗ್ಯಾಸ್ಲಿ ಅವರ ಜಾಗ.

ಆ ಜಾಗದ ಬಗ್ಗೆ ನಮ್ಮ ಮನೆಯಲ್ಲಿ ನಿದ್ದೆಗೆಟ್ಟಿದ್ದೆವು. ಮುಂಬೈಯ ಹುಡುಗ ಜೆಹಾನ್ ದಾರೂವಾಲಾ ಆಗ ರೆಡ್ ಬುಲ್‌ನ ಕಿರಿಯರ ಪಡೆಯಲ್ಲಿದ್ದರು, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಓಡಿಸುತ್ತಿದ್ದರು. ಆಲ್ಫಾಟೌರಿ ರೆಡ್ ಬುಲ್‌ನದೇ ಎರಡನೆಯ ತಂಡ. ತಮ್ಮನ ಮಗ ಆಗ ಧಾರವಾಡದಲ್ಲಿ ಹತ್ತನೆಯ ತರಗತಿ. ಫೋನಿನಲ್ಲಿ, “ಅತ್ತೆ, ಇದನ್ನು ಪೆನ್ನಿನಿಂದಲೇ ಬರೆಯಿರಿ” ಎಂದ. ಬರೆದೆ. ರೆಡ್ ಬುಲ್ ಅಮೆರಿಕದ ಕೋಲ್ಟನ್ ಹರ್ಟಾ ಅವರನ್ನು ತರಲು ನೋಡಿತು. ಅವರಿಗೆ ಸೂಪರ್ ಲೈಸೆನ್ಸ್‌ನ, ಅಂದರೆ ಫಾರ್ಮುಲಾ ಒನ್ ಓಡಿಸಲು ಬೇಕಾದ ಪರವಾನಗಿಯ, ಅಂಕ ಸಾಲಲಿಲ್ಲ. ಆಗ ನಮ್ಮ ಆಸೆ ಇನ್ನೂ ಬಲಿಯಿತು. ಸೀಟು ಹೊರಗಿನವರಾದ ನಿಕ್ ಡಿ ವ್ರೀಸ್ ಅವರ ಪಾಲಾಯಿತು. ಹುಡುಗ ಎರಡು ದಿನ ಫೋನ್ ಮಾಡಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಆಸೆಯ ಪುಟ ಮಾಡಿದ್ದೇನೆ. ನೀವೂ ಮಾಡಿ. ಮನಸ್ಸು ಬಯಸುವ ಹೆಸರುಗಳಿಗೆ ಅಲ್ಲಿ ಜಾಗ ಕೊಟ್ಟರೆ ಅವು ಮುಂಭಾಗದ ಪುಟಗಳಿಗೆ ನುಸುಳುವುದಿಲ್ಲ. ನಮ್ಮ ಪುಟದಲ್ಲಿ ಈಗ ಬೆಂಗಳೂರಿನ ಕುಶ್ ಮೈನಿ ಇದ್ದಾರೆ. 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ದಿನ ನಾನು ಕಣ್ಣೊರೆಸಿಕೊಂಡೆ. ಆದರೂ ಅವರನ್ನು ಮುಂಭಾಗದ ಪುಟಕ್ಕೆ ತರಲು ಒಂದು ಲೆಕ್ಕ ಕೂಡಬೇಕು. ಸೂಪರ್ ಲೈಸೆನ್ಸ್‌ಗೆ ಮೂರು ಋತುಗಳಲ್ಲಿ 40 ಅಂಕ ಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನಕ್ಕೆ ತಲಾ 40 ಅಂಕವಿದೆ, ಕೆಳಗಿಳಿದಂತೆ ಅಂಕ ಬೇಗನೆ ಕರಗುತ್ತದೆ. ಯಾವುದೇ ಹೊಸ ಹೆಸರು ಕೇಳಿದರೂ ಮೊದಲು ಇದನ್ನು ಕೂಡಿ ನೋಡಿ. ಅರ್ಧದಷ್ಟು ಗಾಳಿಮಾತು ಅಲ್ಲಿಯೇ ಬಿದ್ದುಹೋಗುತ್ತದೆ.

ಶುಕ್ರವಾರದ ಮೊದಲ ಅಭ್ಯಾಸದಲ್ಲಿ ಹೊಸಬನೊಬ್ಬ ಕಾರು ಓಡಿಸಿದ ಎಂದು ಹಿಗ್ಗಬೇಡಿ. 2025ರಿಂದ ಪ್ರತಿ ತಂಡವೂ ವರ್ಷಕ್ಕೆ ನಾಲ್ಕು ಅಭ್ಯಾಸಗಳನ್ನು ಹೊಸಬರಿಗೆ ಕೊಡಲೇಬೇಕೆಂಬ ನಿಯಮವಿದೆ. ನಿಯಮಕ್ಕಿಂತ ಹೆಚ್ಚು ಸಲ ಕರೆದರೆ ಮಾತ್ರ ಗುರುತು ಹಾಕಿಕೊಳ್ಳಿ.

ಎಂಜಿನ್ನಿನ ನಂಟನ್ನೂ ನೋಡಬೇಕು. ಎಂಜಿನ್ ಕೊಡುವ ದೊಡ್ಡ ತಂಡ ತನ್ನ ಹುಡುಗನನ್ನು ಎಂಜಿನ್ ಕೊಳ್ಳುವ ಸಣ್ಣ ತಂಡದಲ್ಲಿ ಬೆಳೆಯಲು ಬಿಡುತ್ತದೆ. ಜಾರ್ಜ್ ರಸೆಲ್ ಮೂರು ವರ್ಷ ವಿಲಿಯಮ್ಸ್‌ನಲ್ಲಿದ್ದು 2022ರಲ್ಲಿ ಮರ್ಸಿಡಿಸ್‌ಗೆ ಬಂದರು. ಶಾರ್ಲ್ ಲೆಕ್ಲೇರ್ ಸೌಬರ್‌ನಿಂದ ಫೆರಾರಿಗೆ ಬಂದರು. ಆಲಿವರ್ ಬೇರ್‌ಮನ್ ಈಗ ಹಾಸ್‌ನಲ್ಲಿದ್ದಾರೆ, ಎಂಜಿನ್ ಫೆರಾರಿಯದು. ಹಾಗಾಗಿ ಫೆರಾರಿಯ ಮನೆ ಖಾಲಿಯಾದ ದಿನ ನಾನು ಮೊದಲು ಬರೆಯುವುದು ಅವರ ಹೆಸರನ್ನೇ. ಇದಕ್ಕೆ ಅಪವಾದವೂ ಇದೆ: ಕಿಮಿ ಆಂಟೊನೆಲ್ಲಿ ಅವರನ್ನು ಮರ್ಸಿಡಿಸ್ ಫಾರ್ಮುಲಾ 2ರಿಂದ ನೇರವಾಗಿ ತನ್ನ ಕಾರಿಗೇ ಹತ್ತಿಸಿಕೊಂಡಿತು. ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾನ್ಸ್ ಸ್ಟ್ರೋಲ್ ಅವರ ತಂಡದ ಒಡೆಯ ಅವರ ತಂದೆಯೇ. ಆ ಮನೆಗೆ ಇಸವಿ ಬೇಕಾಗಿಲ್ಲ.

ಸುದ್ದಿಯನ್ನು ತೂಗುವುದು ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಅನೇಕ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಚಾಲಕರು ಪತ್ರಕರ್ತರ ಮುಂದೆ ಕೂರುವುದೂ ಗುರುವಾರವೇ. ಚಹಾ ಕುಡಿಯುತ್ತಾ ಎಲ್ಲರ ಮಾತನ್ನೂ ಓದುತ್ತೇನೆ. ಓದುವಾಗ ಒಂದೇ ಪ್ರಶ್ನೆ: ಈ ಸುದ್ದಿ ಹರಡಿದರೆ ಯಾರಿಗೆ ಲಾಭ? ದರ ಮಾತನಾಡಲು ಬಂದ ಪೂರೈಕೆದಾರ ‘ಚಾಕಣದ ದೊಡ್ಡ ಕಂಪನಿಯವರು ನನ್ನನ್ನು ಕರೆದಿದ್ದಾರೆ’ ಎಂದರೆ ಅವನು ನಮ್ಮಲ್ಲಿಯೇ ಉಳಿಯಲು ಬಯಸುತ್ತಾನೆ, ಹೆಚ್ಚಿನ ಬೆಲೆಗೆ. ಚಾಲಕನ ಮ್ಯಾನೇಜರ್ ಬೇರೊಂದು ತಂಡದ ಹೆಸರು ತೇಲಿಬಿಟ್ಟಾಗಲೂ ಅದನ್ನೇ ನೆನೆಯುತ್ತೇನೆ. ತಂಡದ ಮುಖ್ಯಸ್ಥರು ‘ನಮ್ಮ ಚಾಲಕರ ಬಗ್ಗೆ ಸಂತೋಷವಿದೆ’ ಎಂದರೆ ನಾನು ಏನನ್ನೂ ಬರೆದುಕೊಳ್ಳುವುದಿಲ್ಲ. ಮುಂದಿನ ವರ್ಷದ ಬಗ್ಗೆ ನೇರವಾಗಿ ಕೇಳಿದಾಗ ಈ ವರ್ಷದ ಬಗ್ಗೆ ಉತ್ತರ ಕೊಟ್ಟರೆ, ಅದನ್ನು ತಾರೀಕಿನೊಂದಿಗೆ ಬರೆದುಕೊಳ್ಳುತ್ತೇನೆ.

ರೇಸ್‌ಗಳಿಗೆ ಸಿಗುವ ಆಗಸ್ಟ್ ಬಿಡುವಿನೊಳಗೆ ಮೊದಲ ಪಟ್ಟಿ ಮುಗಿಸಿ. ಆದರೆ ಡಿಸೆಂಬರ್‌ವರೆಗೂ ರಬ್ಬರ್ ಕೈಗೆ ಸಿಗುವಂತಿರಲಿ. ನನ್ನ ಮೊದಲ ವರ್ಷದಲ್ಲೇ ಮರ್ಸಿಡಿಸ್‌ನ ನಿಕೊ ರೋಸ್‌ಬರ್ಗ್ ನವೆಂಬರ್ 27ರಂದು ಚಾಂಪಿಯನ್ ಆಗಿ ಡಿಸೆಂಬರ್ 2ರಂದು ನಿವೃತ್ತರಾದರು. ವಾಲ್ಟೆರಿ ಬೊಟ್ಟಾಸ್ ವಿಲಿಯಮ್ಸ್‌ನಿಂದ ಮರ್ಸಿಡಿಸ್‌ಗೆ ಹೋದರು. ವಿದಾಯ ಹೇಳಿದ್ದ ಫೆಲಿಪೆ ಮಾಸಾ ವಿಲಿಯಮ್ಸ್‌ಗೆ ಮರಳಿ ಬಂದರು.

2027ರ ಪುಟ ಈಗ ನನ್ನ ಮುಂದಿದೆ. ಮ್ಯಾಕ್ಸ್ ವರ್ಸ್ಟಾಪನ್ ಪಕ್ಕ 2028 ಎಂದಿದೆ, ಕೆಳಗೆ ‘ಮುರಿಯಬಲ್ಲವರು: ಚಾಲಕ’ ಎಂಬ ಟಿಪ್ಪಣಿ. ಅಲೊನ್ಸೊ ಅವರ ಮನೆಯಲ್ಲಿ ಏನೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ಅವರ ಒಪ್ಪಂದ 2026ರವರೆಗೆ, ಆ ವರ್ಷದ ಜುಲೈ 29ಕ್ಕೆ ಅವರಿಗೆ 45. ಮಣೆಯ ಮೊದಲ ಹರಳು ಎದ್ದರೆ ಅಲ್ಲಿಂದಲೇ ಎಂದು ನನ್ನ ಊಹೆ. ತಮ್ಮನ ಮಗ ಒಪ್ಪುವುದಿಲ್ಲ, ಅವನ ಬೆರಳು ಫೆರಾರಿಯ ಸಾಲಿನ ಮೇಲಿದೆ. ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದು, ಇಬ್ಬರೂ ತಾರೀಕು ಹಾಕಿ ಸಹಿ ಮಾಡಿದ್ದೇವೆ.