ದೀಕ್ಷಾಸ್ನಾನ ಆಯಿತು, ಮುಂದಿನ ವಾರ ಜೊತೆಗೆ ಯಾರಿದ್ದಾರೆ?

ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಿನ ಎಲ್ಲರೂ ಇರುತ್ತಾರೆ. ಹಾಡು, ಫೋಟೊ, ಮಧ್ಯಾಹ್ನದ ಊಟ. ಹೊಸದಾಗಿ ವಿಶ್ವಾಸಕ್ಕೆ ಬಂದವರ ಕೈಕುಲುಕಲು ಸಾಲು ನಿಲ್ಲುತ್ತದೆ. ಬುಧವಾರದ ಹೊತ್ತಿಗೆ ಅವರು ತಮ್ಮ ಓಣಿಯಲ್ಲಿ ಒಬ್ಬರೇ ಇರುತ್ತಾರೆ. ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದಾರೆ. ಬೈಬಲ್ ತೆರೆದರೆ ಎಲ್ಲಿಂದ ಓದಬೇಕೋ ಗೊತ್ತಾಗುತ್ತಿಲ್ಲ. ಕೆಲವು ತಿಂಗಳಾದ ಮೇಲೆ "ಅವರ್ಯಾಕೋ ಬರ್ತಾ ಇಲ್ಲ" ಎಂದು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮಾತು ಶುರುವಾಗುತ್ತದೆ.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬಿತ್ತುವವನ ಕಥೆ ಇದೆ. ಬಂಡೆ ನೆಲದಲ್ಲಿ ಬಿದ್ದ ಬೀಜ ಬೇಗ ಮೊಳೆಯಿತು. ಯಾಕೆ ಬೇಗ ಅಂದರೆ, ಅಲ್ಲಿ ಮಣ್ಣು ತೆಳುವಾಗಿತ್ತು. ಬೇರಿಲ್ಲದ್ದರಿಂದ ಬಿಸಿಲಿಗೆ ಬಾಡಿತು. ಗದಗದ ಎರೆ ಹೊಲ, ಹಾವೇರಿಯ ಮಸಾರಿ ಹೊಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ತಿಂಗಳ ಉತ್ಸಾಹ ನೋಡಿ ಹಿರಿಯರು ನಿಶ್ಚಿಂತೆಯಿಂದ ಕೂತರೆ ಅಲ್ಲೇ ತಪ್ಪುತ್ತದೆ. ಹೊಸ ವಿಶ್ವಾಸಿ ಗಟ್ಟಿಯಾಗುವುದು ಸಭೆಯ ವೇದಿಕೆಯ ಮೇಲಲ್ಲ, ತನ್ನ ಮನೆಯಲ್ಲಿ. ಅದಕ್ಕೆ ಹೊರಗಿನಿಂದ ಏನು ಸಹಾಯ ಮಾಡಬಹುದು, ಒಂದೊಂದಾಗಿ ನೋಡೋಣ.

ಮೊದಲು ಒಬ್ಬರನ್ನು ಗೊತ್ತು ಮಾಡಿ

"ಸಭೆಯವರೆಲ್ಲ ನೋಡಿಕೊಳ್ಳುತ್ತೇವೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಸಭಾಪಾಲಕರ ಮೇಲೆ ಬಿಡುವುದೂ ಬೇಡ. ಹಳ್ಳಿ ಕಡೆ ಒಬ್ಬರೇ ಪಾಸ್ಟರ್ ಮೂರ್ನಾಲ್ಕು ಊರು ಓಡಾಡುತ್ತಿರುತ್ತಾರೆ. ಹೊಸಬರಿಗೆ ಹೆಸರು ಹಿಡಿದು ಒಬ್ಬ ಹಿರಿಯ ವಿಶ್ವಾಸಿಯನ್ನು ಜೊತೆ ಮಾಡಿ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳು, ಗಂಡಸರಿಗೆ ಗಂಡಸರು. ನಮ್ಮ ಕಡೆ ಇದನ್ನು ಹೇಳಲೇಬೇಕು, ಯಾಕೆಂದರೆ ಒಂದು ಸುಮ್ಮನೆ ಎದ್ದ ಗಾಳಿಮಾತು ಆರು ತಿಂಗಳ ಕೆಲಸ ಹಾಳು ಮಾಡುತ್ತದೆ.

ಮೊದಲು ವಿಶ್ವಾಸಿಗಳನ್ನು ಹಿಂಸಿಸಿ, ಮುಂದೆ ಪೌಲ ಎನಿಸಿಕೊಂಡ ಸೌಲನಿಗೂ ಹೀಗೆ ಒಬ್ಬರು ಬೇಕಾದರು. ಅವನು ಯೆರೂಸಲೇಮಿಗೆ ಬಂದಾಗ ಶಿಷ್ಯರು ಅವನನ್ನು ನಂಬಲಿಲ್ಲ, ಹೆದರಿದರು. ಕೈ ಹಿಡಿದು ಕರೆದುಕೊಂಡು ಹೋದವನು ಬಾರ್ನಬ. ಮುಂದೆ ಅದೇ ಬಾರ್ನಬ ಅವನನ್ನು ಅಂತಿಯೋಕ್ಯಕ್ಕೆ ಕರೆತಂದ. ಇಬ್ಬರೂ ಅಲ್ಲಿನ ಹೊಸ ಸಭೆಯ ಜೊತೆ ಒಂದು ವರ್ಷ ಪೂರ್ತಿ ಇದ್ದು ಕಲಿಸಿದರು ಎಂದು ಅಪೊಸ್ತಲರ ಕೃತ್ಯಗಳು 11ರಲ್ಲಿದೆ. ನೀವೂ ಒಂದು ವರ್ಷದ ಲೆಕ್ಕವನ್ನೇ ಇಟ್ಟುಕೊಳ್ಳಿ. ವಾರಕ್ಕೆ ಒಂದು ದಿನ, ಒಂದು ತಾಸು, ಎದುರುಬದುರು ಕೂತು. ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬೆಳಿಗ್ಗೆ ವಾಕ್ಯದ ಚಿತ್ರ ಕಳಿಸುವುದು ಇದಕ್ಕೆ ಬದಲಿ ಆಗುವುದಿಲ್ಲ.

ಬೈಬಲ್ ತೆರೆಯುವುದನ್ನೇ ಮೊದಲು ಕಲಿಸಿ

ಪ್ರಸಂಗದಲ್ಲಿ (ಆರಾಧನೆಯ ಬೋಧನೆಯಲ್ಲಿ) "ಯೋಹಾನ 3:16 ತೆಗೆಯಿರಿ" ಅಂದಾಗ ಹೊಸಬರು ಪಕ್ಕದವರ ಕೈ ನೋಡುತ್ತಾರೆ. ಕೇಳಲು ನಾಚಿಕೆ. ಆದ್ದರಿಂದ ಮೊದಲ ದಿನ ಇಷ್ಟನ್ನೇ ಕಲಿಸಿ: ಇದು 66 ಪುಸ್ತಕಗಳ ಒಂದು ಗಂಟು. ಹಳೆ ಒಡಂಬಡಿಕೆ 39, ಹೊಸ ಒಡಂಬಡಿಕೆ 27. ಬೈಬಲಿನ ಮೊದಲ ಪುಟಗಳಲ್ಲಿ ಅವುಗಳ ಪಟ್ಟಿ ಇದೆ. ದೊಡ್ಡ ಅಂಕಿ ಅಧ್ಯಾಯ, ಸಣ್ಣ ಅಂಕಿ ವಚನ. ಕ್ಯಾಥೊಲಿಕ್ ಬೈಬಲ್ ಆದರೆ ಪುಸ್ತಕಗಳು 73, ಅದನ್ನೂ ಹೇಳಿಬಿಡಿ. ಇಲ್ಲದಿದ್ದರೆ ಮುಂದೆ ಯಾರೋ "ನಿಮ್ಮದು ಬೇರೆ ಬೈಬಲ್" ಎಂದು ಗೊಂದಲ ಎಬ್ಬಿಸುತ್ತಾರೆ.

ಓದುವುದು ಎಲ್ಲಿಂದ? ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದವರು ಬಲಿ, ನಿಯಮಗಳೇ ತುಂಬಿದ ಯಾಜಕಕಾಂಡದಲ್ಲಿ ನಿಲ್ಲುತ್ತಾರೆ. ಭಯ ಹುಟ್ಟಿಸುವ ದರ್ಶನಗಳಿರುವ ಕೊನೆಯ ಪುಸ್ತಕ ಪ್ರಕಟನೆಯಿಂದ ಶುರು ಮಾಡಿದವರಿಗೆ ನಿದ್ದೆ ಬರುವುದಿಲ್ಲ. ಮಾರ್ಕನಿಂದ ಶುರು ಮಾಡಿಸಿ. 16 ಅಧ್ಯಾಯ, ಚುರುಕಾದ ಕಥೆ, ದಿನಕ್ಕೊಂದು ಅಧ್ಯಾಯ ಓದಿದರೆ ಎರಡು ವಾರ ಚಿಲ್ಲರೆ ದಿನ. ಆಮೇಲೆ ಯೋಹಾನ, ಅಪೊಸ್ತಲರ ಕೃತ್ಯಗಳು, ಫಿಲಿಪ್ಪಿಯವರಿಗೆ ಬರೆದ ಪತ್ರ, ಯಾಕೋಬ. ರಾತ್ರಿ ಮಲಗುವ ಮುಂಚೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. ವಾರದ ಭೇಟಿಯಲ್ಲಿ ಪ್ರಸಂಗ ಬೇಡ. ಯೇಸು ಇಲ್ಲಿ ಏನು ಮಾಡಿದ, ನಿಮಗೆ ಎಲ್ಲಿ ತಿಳಿಯಲಿಲ್ಲ, ನಾಳೆ ಮನೆಯಲ್ಲಿ ಏನು ಬದಲಾಗಬಹುದು ಎಂದು ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ "ಮುಂದಿನ ವಾರ ನೋಡಿಕೊಂಡು ಬರ್ತೀನಿ" ಅನ್ನಿ. ಅದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

ಓದು ಬಾರದವರಿಗೆ ಮೊಬೈಲಿನಲ್ಲಿ ಕನ್ನಡ ಬೈಬಲಿನ ಆಡಿಯೊ ಹಾಕಿಕೊಡಿ. ರೊಟ್ಟಿ ಬಡಿಯುತ್ತ ಒಂದು ಅಧ್ಯಾಯ ಕೇಳಬಹುದು. ಹಾಡೂ ಆಗುತ್ತದೆ. ನಮ್ಮ ಜನ ಕಥೆಯನ್ನು ಹಾಡಿನಲ್ಲಿ ನೆನಪಿಡುತ್ತಾರೆ ಎಂಬುದು ನಿಘಂಟಿನ ಕಿಟ್ಟೆಲ್ ಅವರಿಗೂ ಗೊತ್ತಿತ್ತು. ಅವರು 1862ರಲ್ಲೇ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿದರು. ಇವತ್ತಿನ ಭಜನೆ ಧಾಟಿಯ ಕ್ರೈಸ್ತ ಗೀತೆಗಳೂ ಅದೇ ಕೆಲಸ ಮಾಡುತ್ತವೆ.

ಪ್ರಾರ್ಥನೆ ಅವರ ಮಾತಿನಲ್ಲೇ ಇರಲಿ

ಹಿರಿಯರು "ಪರಲೋಕದ ಮಹೋನ್ನತನಾದ ತಂದೆಯೇ" ಎಂದು ಕಾಲು ಗಂಟೆ ಪ್ರಾರ್ಥಿಸುತ್ತಾರೆ. ಅದನ್ನು ಕೇಳಿದ ಹೊಸಬರು ಇದು ನಮ್ಮಿಂದ ಆಗದ ಕೆಲಸ ಅಂದುಕೊಳ್ಳುತ್ತಾರೆ. "ಅಕ್ಕಾರ, ನಂಗ ಅಷ್ಟ ಛಲೋ ಮಾತು ಬರಂಗಿಲ್ರೀ" ಅನ್ನುತ್ತಾರೆ. ದೇವರಿಗೆ ಧಾರವಾಡದ ಕನ್ನಡ ತಿಳಿಯುತ್ತದೆ, ಅಲ್ವಾ? "ಯಪ್ಪಾ, ಇವತ್ತ ಮಗನ ಜ್ವರ ಇಳೀಲಿ, ನಂಗ ಸಿಟ್ಟ ಬರಬಾರದು" ಅಂದರೆ ಅದು ಪೂರ್ತಿ ಪ್ರಾರ್ಥನೆ. ಮತ್ತಾಯ 6ರಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಿ. ಒಂದೇ ಉಸಿರಿನಲ್ಲಿ ಹೇಳಿಸದೆ ಒಂದೊಂದು ಸಾಲು ನಿಲ್ಲಿಸಿ ಅರ್ಥ ಹೇಳಿ.

ಇಲ್ಲೇ ಒಂದು ಕಷ್ಟದ ವಿಷಯ ಮಾತಾಡಬೇಕು. ನಮ್ಮ ಕಡೆ ತುಂಬ ಜನ ಸಭೆಗೆ ಬರುವುದು ಕಾಯಿಲೆಯ ಮೂಲಕ. ಪ್ರಾರ್ಥನೆ ಮಾಡಿದರು, ವಾಸಿಯಾಯಿತು, ನಂಬಿದರು. ಒಂದು ವರ್ಷದ ಮೇಲೆ ಅದೇ ಕಾಯಿಲೆ ತಿರುಗಿ ಬಂದರೆ? "ನಿಮ್ಮ ವಿಶ್ವಾಸ ಕಡಿಮೆಯಾಯಿತು" ಎಂದು ಯಾರಾದರೂ ಹೇಳಿದರೆ ಆ ಮನುಷ್ಯ ಮುರಿದು ಹೋಗುತ್ತಾನೆ. ಇದನ್ನು ಮೊದಲೇ, ಆರೋಗ್ಯ ಚೆನ್ನಾಗಿರುವಾಗಲೇ ಮಾತಾಡಿ. ಪೌಲನ ಶರೀರದಲ್ಲಿ ಒಂದು ಮುಳ್ಳಿತ್ತು. ಅದು ಹೋಗಲಿ ಎಂದು ಅವನು ಮೂರು ಸಲ ಬೇಡಿದ, ಅದು ಹೋಗಲಿಲ್ಲ. 2 ಕೊರಿಂಥ 12ರಲ್ಲಿ ಇದೆ, ತೆಗೆದು ತೋರಿಸಿ. ಪೌಲನ ಜೊತೆಗಾರ ತಿಮೊಥೆಯನಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು. ಅವನಿಗೆ ಪೌಲ ಹೇಳಿದ್ದು ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು. ವಿಶ್ವಾಸ ಸಾಲದು ಎಂದು ಬೈಯಲಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಫಿಟ್ಸ್ ಗುಳಿಗೆಗಳನ್ನು ಯಾರೂ ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಬಾರದು. ನಿಲ್ಲಿಸಿ ಎಂದು ಹೇಳುವವರ ಸಭೆಗೆ ಹೊಸಬರನ್ನು ಕಳಿಸಲೂಬೇಡಿ. ಗದಗದ ಬೆಟಗೇರಿಯಲ್ಲಿ ಕ್ರೈಸ್ತ ಮಿಶನ್‌ನವರೇ ಆಸ್ಪತ್ರೆ ಕಟ್ಟಿದರು. ಪ್ರಾರ್ಥನೆಗೂ ಔಷಧಕ್ಕೂ ಜಗಳ ಇದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಮನೆ ಬಿಡಿಸಬೇಡಿ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅಂದಿನ ಹೊಸ ವಿಶ್ವಾಸಿಗಳಲ್ಲಿ ಹಲವರು ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಂಡರು. ಅಂಥವರ ಹೊಟ್ಟೆಪಾಡಿಗೆ ಮಿಶನ್ ನೇಯ್ಗೆ ಮಗ್ಗ, ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆ ನಡೆಸಬೇಕಾಯಿತು. ಇವತ್ತು ಯಾವ ಸಭೆಗೂ ಆ ಶಕ್ತಿ ಇಲ್ಲ, ಇರುವ ಅಗತ್ಯವೂ ಇಲ್ಲ. ಮನೆಯವರಿಂದ ಬೇರೆ ಮಾಡಿದ ಹೊಸಬರು ಸಭೆಯ ಮೇಲೇ ಪೂರ್ತಿ ಭಾರ ಹಾಕುತ್ತಾರೆ. ಸಭೆ ಒಮ್ಮೆ ಬೇಸರ ಮಾಡಿದರೆ ಅವರಿಗೆ ನಿಲ್ಲಲು ಜಾಗವಿರುವುದಿಲ್ಲ.

ಬೈಬಲಿನ ಹತ್ತು ಆಜ್ಞೆಗಳಲ್ಲಿ ಐದನೆಯದು ತಂದೆತಾಯಿಯನ್ನು ಸನ್ಮಾನಿಸು ಎಂದು. ಅವರು ವಿಶ್ವಾಸಿಗಳಾದರೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಹೊಸ ವಿಶ್ವಾಸಿಗೆ ಮೊದಲು ಹೇಳಬೇಕಾದ್ದು: ಮನೆ ಕೆಲಸ ಮೊದಲಿಗಿಂತ ಜಾಸ್ತಿ ಮಾಡಿ, ಮಾತು ಮೊದಲಿಗಿಂತ ಕಡಿಮೆ ಆಡಿ. ಜಗಲಿ ಮೇಲಿನ ಫೋಟೊ ತೆಗೆದು ಹಾಕುವುದು, ಅಜ್ಜಿಯ ಪೂಜೆಗೆ ಮುಖ ಸಿಂಡರಿಸುವುದು ಬೇಡ. ಮನೆ ಒಬ್ಬರದಲ್ಲ. ನಂಬಿಕೆಯ ಬಗ್ಗೆ ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಎಂದು 1 ಪೇತ್ರ 3:15ರಲ್ಲಿ ಇದೆ. ಕೇಳಿದವರಿಗೆ, ಎಂಬುದನ್ನು ಗಮನಿಸಿ.

ಹಬ್ಬ ಬಂದಾಗ ಪ್ರಶ್ನೆ ಜೋರಾಗುತ್ತದೆ. ಪಂಚಮಿ ಉಂಡಿ ತಿನ್ನಬಹುದಾ? ದಸರೆಯಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದವರಿಗೆ ಏನು ಹೇಳುವುದು? ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗುವುದಾ? ಕೊರಿಂಥದ ಸಭೆಯವರೂ ಇಂಥದ್ದೇ ಕೇಳಿದ್ದರು. 1 ಕೊರಿಂಥ 8ರಿಂದ 10ರವರೆಗೆ ಪೌಲನ ಉತ್ತರ ಇದೆ. ಪೂಜೆಯಲ್ಲಿ ಪಾಲು ಬೇಡ ಅನ್ನುತ್ತಾನೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕಿ ಕೇಳದೆ ಉಣ್ಣಿ ಅನ್ನುತ್ತಾನೆ. ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ ಅನ್ನುತ್ತಾನೆ. ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ಸಭೆ ಸಭೆಗೂ ವ್ಯತ್ಯಾಸ ಇದೆ. ನನ್ನ ಕೇಳಿದರೆ, ಬನ್ನಿ ಕೊಟ್ಟ ನೆರೆಯವರಿಗೆ ನಕ್ಕು ಕೈಮುಗಿದರೆ ಯಾರ ವಿಶ್ವಾಸವೂ ಕೆಡುವುದಿಲ್ಲ. ಸಾವಿನ ಮನೆಗೆ, ಮದುವೆ ಮನೆಗೆ ಮಾತ್ರ ತಪ್ಪದೆ ಹೋಗಬೇಕು. ಹೊರೆ ಕೆಲಸಕ್ಕೆ ಕೈ ಹಚ್ಚಬೇಕು.

ಗಂಡ ಇನ್ನೂ ಯೇಸುವನ್ನು ನಂಬದಿರುವ ಹೆಣ್ಣುಮಗಳ ಕಷ್ಟ ಎಲ್ಲಕ್ಕಿಂತ ದೊಡ್ಡದು. ಅವರನ್ನು ರಾತ್ರಿಯಿಡೀ ಪ್ರಾರ್ಥನೆಗೆ ಕರೆಯಬೇಡಿ. ಅಡುಗೆ ಹೊತ್ತಿಗೆ ಮನೆ ಪ್ರಾರ್ಥನೆ ಇಡಬೇಡಿ. ಕುಂಕುಮ, ತಾಳಿ, ಬಳೆಯ ವಿಷಯಕ್ಕೆ ಮೊದಲ ವರ್ಷ ಯಾರೂ ಕೈ ಹಾಕಬೇಡಿ. ಆದರೆ ಗಂಡ ಹೊಡೆಯುತ್ತಿದ್ದರೆ "ಸಹಿಸಿಕೋ ತಂಗಿ" ಅನ್ನುವುದು ಪಾಪ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ಅಂಕಿ ಅವರ ಫೋನಿನಲ್ಲಿ ಇರಲಿ.

ಕಾಗದದ ಮಾತು, ದುಡ್ಡಿನ ಮಾತು

ಇದನ್ನು ಮುಚ್ಚಿಡುವುದು ಮೋಸ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಸಂವಿಧಾನದ 1950ರ ಆದೇಶದ ಪ್ರಕಾರ ಆ ಪಟ್ಟಿಯ ಸೌಲಭ್ಯ ಉಳಿಯುವುದಿಲ್ಲ. ದೀಕ್ಷಾಸ್ನಾನಕ್ಕೆ ಮೊದಲೇ ಇದನ್ನು ಅವರಿಗೆ ತಿಳಿಸಿ, ಮನೆಯವರ ಜೊತೆ ಯೋಚಿಸಲು ಸಮಯ ಕೊಡಿ. ಮತಾಂತರದ ಬಗ್ಗೆ 2022ರಲ್ಲಿ ರಾಜ್ಯ ಕಾನೂನು ಮಾಡಿತು. 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ನಮೂನೆಯಲ್ಲಿ ತಿಳಿಸಬೇಕು ಎಂಬುದು ಅದರಲ್ಲಿತ್ತು. ಅದನ್ನು ರದ್ದು ಮಾಡುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೆಗೆದುಕೊಂಡಿತು. ದಿನ ಗೊತ್ತು ಮಾಡುವ ಮುಂಚೆ ಸದ್ಯದ ನಿಯಮವನ್ನು ಒಬ್ಬ ವಕೀಲರ ಹತ್ತಿರ ಕೇಳಿಕೊಳ್ಳಿ. ಅಕ್ಕಿ, ಸಾಲ, ನೌಕರಿಯ ಆಸೆಯನ್ನು ಯಾರೂ ತೋರಿಸಬಾರದು. ಕಷ್ಟದಲ್ಲಿರುವವರಿಗೆ ಸಹಾಯ ಮಾಡಿ, ಆದರೆ ಅವರು ನಂಬಿದರೂ ಮಾಡಿ, ನಂಬದಿದ್ದರೂ ಮಾಡಿ. ಹೆಸರು ಬದಲಿಸಬೇಕು ಎಂಬ ನಿಯಮ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಬಸಪ್ಪ ಬಸಪ್ಪನಾಗೇ ಇರಬಹುದು.

ಮೈಕ್ ಕೊಡಬೇಡಿ, ಕೆಲಸ ಕೊಡಿ

ಚೆಂದ ಮಾತಾಡುವ ಹೊಸಬರನ್ನು ಊರೂರಿಗೆ ಸಾಕ್ಷಿ (ತಾವು ನಂಬಿದ ಕಥೆ) ಹೇಳಲು ಕರೆದೊಯ್ಯುವ ಚಟ ನಮ್ಮಲ್ಲಿದೆ. ಸಾಕ್ಷಿ ಪ್ರತಿ ಊರಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಕೊನೆಗೆ ಹೇಳಿದವರಿಗೇ ಯಾವುದು ನಿಜ ಎಂದು ತಿಳಿಯದಂತಾಗುತ್ತದೆ. ಹೊಸದಾಗಿ ಬಂದವರಿಗೆ ಸಭೆಯ ಮೇಲ್ವಿಚಾರಣೆ ಕೊಡಬೇಡಿ, ಅವರಿಗೆ ಹೆಮ್ಮೆ ಬಂದೀತು ಎಂದು 1 ತಿಮೊಥೆಯ 3:6ರಲ್ಲಿದೆ. ಪೌಲನೇ ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಯೇಸುವನ್ನು ನಂಬಿದ ನಂತರ ಅರಬಸ್ಥಾನಕ್ಕೆ ಹೋದ. ಮೂರು ವರ್ಷದ ಮೇಲಷ್ಟೇ ಪೇತ್ರನನ್ನು ನೋಡಲು ಯೆರೂಸಲೇಮಿಗೆ ಬಂದ. ಚಾಪೆ ಹಾಸುವುದು, ಚಹಾ ಮಾಡುವುದು, ಸಂಡೇ ಸ್ಕೂಲ್ ಮಕ್ಕಳನ್ನು ಮನೆಗೆ ಬಿಡುವುದು, ಆಸ್ಪತ್ರೆಯಲ್ಲಿರುವವರಿಗೆ ಬುತ್ತಿ ಒಯ್ಯುವುದು ಇಂಥ ಕೆಲಸ ಕೊಡಿ. ದಶಮಾಂಶದ (ದುಡಿಮೆಯ ಹತ್ತರಲ್ಲೊಂದು ಪಾಲು ಸಭೆಗೆ ಕೊಡುವುದು) ಮಾತು ಮೊದಲ ವರ್ಷ ಎತ್ತದಿದ್ದರೆ ಯಾವ ಸಭೆಯೂ ಮುಳುಗುವುದಿಲ್ಲ.

ಯೂಟ್ಯೂಬ್ ಬೋಧಕರ ಬಗ್ಗೆ ನಿಷೇಧ ಹಾಕಿದರೆ ಕದ್ದು ನೋಡುತ್ತಾರೆ. ಅದರ ಬದಲು ನೋಡಿದ್ದನ್ನು ವಾರದ ಭೇಟಿಗೆ ತರಲಿ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ಗ್ರಂಥ ತೆಗೆದು ಪರೀಕ್ಷಿಸಿದರು. ಇಬ್ಬರೂ ಕೂತು ಹಾಗೇ ಮಾಡಿ.

ಎರಡು ರವಿವಾರ ಬರದಿದ್ದರೆ

ಮನೆಗೆ ಹೋಗಿ. "ಯಾಕ ಬರಲಿಲ್ಲ?" ಎಂದು ಬಾಗಿಲಲ್ಲೇ ಕೇಳಬೇಡಿ. ಒಳಗೆ ಕೂತು ನೀರು ಕುಡಿಯಿರಿ, ಮಕ್ಕಳ ಶಾಲೆ ಬಗ್ಗೆ ಕೇಳಿ. ಕೆಲವರು ಮತ್ತೆ ಕುಡಿಯಲು ಶುರು ಮಾಡಿ ಮುಖ ತೋರಿಸಲು ನಾಚಿರುತ್ತಾರೆ. ಮೂರು ಸಲ "ಅವನನ್ನು ಅರಿಯೆ" ಅಂದ ಪೇತ್ರನಿಗೆ ಯೇಸು ದಡದಲ್ಲಿ ಮೊದಲು ಊಟ ಕೊಟ್ಟ, ಪ್ರಶ್ನೆ ಆಮೇಲೆ ಕೇಳಿದ. ಯೋಹಾನ 21 ಓದಿಕೊಂಡು ಹೋಗಿ.

ಗದಗ, ಹಾವೇರಿ ಕಡೆಯ ಎಷ್ಟೋ ಮಂದಿ ಮಳೆ ಕೈಕೊಟ್ಟ ವರ್ಷ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೊಸಬರು ಹೀಗೆ ಹೊರಟರೆ ಅವರ ಹೆಸರು ಬರೆದು ಸಭಾಪಾಲಕರ ಸಹಿ ಮಾಡಿಸಿದ ಪತ್ರ ಕೊಡಿ. ಅಲ್ಲಿ ಕನ್ನಡ ಆರಾಧನೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ನೀವೇ ಮೊದಲು ವಿಚಾರಿಸಿ. ಅಲ್ಲಿನ ಒಬ್ಬರ ನಂಬರ್ ಇವರಿಗೆ, ಇವರ ನಂಬರ್ ಅಲ್ಲಿನವರಿಗೆ ಕೊಡಿ. ಮೊದಲ ರವಿವಾರ ಸಂಜೆ ಒಂದು ಫೋನ್ ಮಾಡಿ, ಹೋಗಿದ್ದರಾ ಎಂದು ಕೇಳಿ.