ಸ್ಲೋ ಪಿಚ್ ಅಂಪೈರಿಂಗ್: 6ರಿಂದ 12 ಅಡಿಯ ಲೆಕ್ಕ

ಚೆಂಡನ್ನು ನಿಧಾನಕ್ಕೆ ಎಸೆದು ಆಡುವ ಸ್ಲೋ ಪಿಚ್ ಸಾಫ್ಟ್‌ಬಾಲಿನಲ್ಲಿ ಜಗಳ ಹುಟ್ಟುವುದೇ ಚೆಂಡು ಗಾಳಿಯಲ್ಲಿರುವಾಗ. ಕೈಕೆಳಗಿನಿಂದ ಎಸೆದ ಚೆಂಡು ಬಿಲ್ಲಿನ ಹಾಗೆ ಬಾಗಿ ಬರಬೇಕು. ಅದು ನೆಲದಿಂದ 6 ಅಡಿಯಾದರೂ ಏರಬೇಕು, 12 ಅಡಿ ಮೀರಬಾರದು. ಅಮೆರಿಕದ ಕಡೆ 10 ಅಡಿಯ ಮಿತಿಯೂ ಉಂಟು. ಯಾವುದೆಂದು ಟಾಸಿಗೆ ಮೊದಲೇ ಇಬ್ಬರು ಕ್ಯಾಪ್ಟನ್‌ಗಳಿಗೂ ಹೇಳಿಬಿಡುತ್ತೇನೆ.

12 ಅಡಿ ಕಣ್ಣಂದಾಜಿಗೆ ಸಿಗುವುದಿಲ್ಲ. ಅಡಿಕೆ ಕೊಯ್ಯುವ ದೋಟಿಗೆ 6 ಮತ್ತು 12 ಅಡಿಯಲ್ಲಿ ಕೆಂಪು ಬಟ್ಟೆ ಕಟ್ಟಿ, ಪಿಚರ್ (ಚೆಂಡೆಸೆಯುವವನು) ಮತ್ತು ಬ್ಯಾಟರ್ ಬಳಿ ನೆಲದಲ್ಲಿರುವ ಪ್ಲೇಟಿನ ನಡುದಾರಿಯಲ್ಲಿ, ಗೆರೆಯಿಂದ ತುಸು ಬದಿಗೆ ನಿಲ್ಲಿಸಿ, ಅಭ್ಯಾಸದ ಎಸೆತಗಳನ್ನು ನೋಡುತ್ತೇನೆ. ಹಿಂದಿನ ತೆಂಗಿನ ಮರದಲ್ಲಿ ಆ ಬಟ್ಟೆ ಯಾವ ಎತ್ತರಕ್ಕೆ ಕಾಣುತ್ತದೆಂದು ಗುರುತಿಟ್ಟುಕೊಂಡರೆ ದೋಟಿ ತೆಗೆದ ಮೇಲೂ ಅಳತೆ ಉಳಿಯುತ್ತದೆ. ಆಟದಲ್ಲಿ ನಿಲ್ಲುವ ಜಾಗದಲ್ಲಿ, ಅದೇ ಭಂಗಿಯಲ್ಲಿ ನೋಡಬೇಕು. ತಲೆ ಒಂದು ಗೇಣು ತಗ್ಗಿದರೂ ಗುರುತು ತಪ್ಪುತ್ತದೆ.

ಎತ್ತರ ತಪ್ಪಿದರೆ ಚೆಂಡು ಪ್ಲೇಟಿಗೆ ಬರುವ ಮೊದಲೇ ‘ಇಲ್ಲೀಗಲ್’ ಎಂದು ಬ್ಯಾಟರ್‌ಗೆ ಕೇಳುವಂತೆ ಕೂಗಿ ಎಡಗೈ ಚಾಚುತ್ತೇನೆ. ಬೀಸದಿದ್ದರೆ ಅದು ‘ಬಾಲ್’, ಎಂದರೆ ಪಿಚರ್‌ನ ತಪ್ಪೆಸೆತ. ಬೀಸಿದರೆ ಇಲ್ಲೀಗಲ್ ಅಳಿಯಿತು, ಆದದ್ದು ಆಯಿತು.

ಕಾಸರಗೋಡಿನ ಪದವುಗಳಲ್ಲಿ (ಎತ್ತರದ ಬಯಲುಗಳಲ್ಲಿ) ಸಂಜೆಯ ಆಟವಾದರೆ ಹೋಮ್ ಪ್ಲೇಟನ್ನು ಪಡುಬದಿಗೆ ಇಡಿಸುತ್ತೇನೆ. ಬ್ಯಾಟರ್ ಮೂಡು ನೋಡುವುದರಿಂದ ಇಳಿಬಿಸಿಲು ಅವನ ಕಣ್ಣಿಗೆ ಹೊಡೆಯುವುದಿಲ್ಲ. ಪಿಚರ್‌ಗೆ ಮಾತ್ರ ಎರಡು ಪೆಟ್ಟು: ಬಿಸಿಲೂ ಎದುರು, ಪಡುಗಾಳಿಯೂ ಎದುರು. 50 ಅಡಿ ದೂರದಿಂದ ಎತ್ತರಕ್ಕೆ ಎಸೆದ ಚೆಂಡು ಗಾಳಿಗೆ ತಡೆದು ಮೊದಲೇ ಇಳಿಯುತ್ತದೆ. ಪಾಪ ಎಂದು ಸ್ಟ್ರೈಕ್ (ಸರಿಯಾದ ಎಸೆತ) ಕೊಡಲು ಹೋಗಬಾರದು.

ಚೆಂಡು ಪ್ಲೇಟಿನ ಮೇಲೆ ಹಾಯುವಾಗ ಬ್ಯಾಟರ್‌ನ ಹಿಂದಿನ ಭುಜ ಮತ್ತು ಮುಂದಿನ ಮೊಣಕಾಲಿನ ನಡುವೆ ಇದ್ದರೆ ಸ್ಟ್ರೈಕ್. ಎಲ್ಲಿ ಬಿತ್ತು, ಕ್ಯಾಚರ್ ಎಲ್ಲಿ ಹಿಡಿದ ಎಂಬುದು ಲೆಕ್ಕಕ್ಕಿಲ್ಲ. ಪ್ಲೇಟಿಗೇ ಬಡಿದ ಚೆಂಡನ್ನು ನೋಡುವವರೆಲ್ಲ ಸ್ಟ್ರೈಕ್ ಅನ್ನುತ್ತಾರೆ, ಅದು ಬಾಲ್. ಒಳ್ಳೆಯ ಸ್ಟ್ರೈಕ್ ಹೆಚ್ಚಾಗಿ ಪ್ಲೇಟಿನ ಹಿಂದೆ ಹೋಗಿ ಬೀಳುತ್ತದೆ. ಚೆಂಡು ನಿಧಾನವಾದ್ದರಿಂದ ಅರ್ಧ ದಾರಿಯಲ್ಲೇ ತೀರ್ಪು ಬಾಯಿಗೆ ಬಂದುಬಿಡುತ್ತದೆ. ಕ್ಯಾಚರ್‌ನ ಗ್ಲೌಸಿಗೆ ಬಿದ್ದ ಮೇಲೆಯೇ ನಾನು ಬಾಯಿ ತೆರೆಯುವುದು.

ಇಲ್ಲಿನ ಹುಡುಗರ ಕೈಪಳಗಿದ್ದು ಅಂಡರ್‌ಆರ್ಮ್ ಕ್ರಿಕೆಟಿನಲ್ಲಿ. ಎರಡು ಸ್ಟ್ರೈಕ್ ಆದ ಮೇಲೆ ಫೌಲ್ (ಗೆರೆಯ ಹೊರಗೆ) ಹೊಡೆದರೆ ಸ್ಲೋ ಪಿಚ್‌ನಲ್ಲಿ ಔಟ್ ಎಂದರೆ ನಂಬುವುದಿಲ್ಲ. ಚೆಂಡು ಪ್ಲೇಟ್ ತಲುಪುವ ಮೊದಲೇ ಬೇಸ್ (ಓಡುವವನು ನಿಲ್ಲುವ ಗುರುತು) ಬಿಟ್ಟ ರನ್ನರ್ ಕೂಡ ಔಟ್, ಆಟ ಅಲ್ಲಿಗೇ ನಿಂತಿತು. ಅಪೀಲಿನ ವಿಷಯ ಇನ್ನೂ ಗೋಜಲು. ಕ್ರಿಕೆಟಿನಂತೆ ಎಲ್ಲದಕ್ಕೂ ಕೂಗುತ್ತಾರೆ, ಇಲ್ಲಿ ಹೆಚ್ಚಿನ ಔಟ್‌ಗೆ ಅಪೀಲು ಬೇಡ. ಬೇಸ್ ಮುಟ್ಟದೆ ದಾಟಿದ್ದು, ಕ್ಯಾಚಿಗೆ ಮೊದಲೇ ಬೇಸ್ ಬಿಟ್ಟದ್ದು, ಇಂಥವಕ್ಕೆ ಮಾತ್ರ ಬೇಕು. ಆಗ ಅಪೀಲು ಬರುವವರೆಗೆ ಕಂಡರೂ ಕಾಣದವನ ಹಾಗೆ ನಿಲ್ಲುತ್ತೇನೆ.

ಮೊದಲ ಬೇಸಿನಲ್ಲಿ ಕಣ್ಣು ರನ್ನರ್‌ನ ಕಾಲಿನ ಮೇಲೆ, ಚೆಂಡು ಗ್ಲೌಸಿಗೆ ಬಡಿದ ಸದ್ದಿಗೆ ಕಿವಿ. ಮೈಕಿನ ಕಾಮೆಂಟ್ರಿ ಇದ್ದರೆ ಆ ಸದ್ದು ಕೇಳುವುದೇ ಇಲ್ಲ; ಚೆಂಡು ಆಟದಲ್ಲಿರುವಾಗ ಮೈಕ್ ಬಂದ್ ಮಾಡಲು ಮೊದಲೇ ಹೇಳಿಡಬೇಕು. ಹತ್ತಿರ ಓಡುವುದಕ್ಕಿಂತ ಎಸೆತದ ದಾರಿಗೆ ಅಡ್ಡಕೋನದಲ್ಲಿ, 15 ಅಡಿಯಷ್ಟು ದೂರ ನಿಂತು ನೋಡುವುದು ಮೇಲು. ಗ್ಲೌಸಿನಿಂದ ಚೆಂಡು ಜಾರಲಿಲ್ಲ ಎಂದು ಕಂಡ ಮೇಲೆ ಕೈ ಎತ್ತುವುದು.

ಒಂದು, ಎರಡನೇ ಬೇಸಿನಲ್ಲಿ ಅಥವಾ ಮೂರರಲ್ಲೂ ರನ್ನರ್‌ಗಳಿದ್ದು, ಎರಡು ಔಟ್ ಆಗಿರದಿದ್ದರೆ ಇನ್‌ಫೀಲ್ಡ್ ಫ್ಲೈ (ಬೇಸ್‌ಗಳ ಆಸುಪಾಸಿನಲ್ಲಿ ಮೇಲೆದ್ದ ಚೆಂಡಿನ ನಿಯಮ) ನೆನಪಿರಬೇಕು. ಸುಲಭದ ಕ್ಯಾಚನ್ನು ಬೇಕೆಂದೇ ಕೈಬಿಟ್ಟು ಇಬ್ಬರನ್ನು ಔಟ್ ಮಾಡುವ ಉಪಾಯಕ್ಕೆ ತಡೆ ಇದು. ಚೆಂಡು ತುದಿಗೇರಿದಾಗಲೇ ‘ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್’ ಎಂದು ಕೂಗಬೇಕು. ಫೌಲ್ ಗೆರೆಯ ಹತ್ತಿರವಾದರೆ ‘ಫೇರ್ ಆದರೆ’ (ಗೆರೆಯ ಒಳಗಾದರೆ) ಎಂದು ಸೇರಿಸಬೇಕು. ಕ್ಯಾಚ್ ಬಿಟ್ಟರೂ ಬ್ಯಾಟರ್ ಔಟೇ. ಆದರೆ ಆಟ ನಿಂತಿಲ್ಲ, ರನ್ನರ್‌ಗಳು ಬೇಕಿದ್ದರೆ ತಮ್ಮ ಜವಾಬ್ದಾರಿಯಲ್ಲಿ ಓಡಬಹುದು.