ಹಾಸ್ಟೆಲ್ ಇಲ್ಲದೆ, ಬಸ್ ಪಾಸಿನಲ್ಲೇ ಬಿಎಸ್ಸಿ: ನನ್ನ ಅನುಭವ

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ದಿನಾ ಮೂವತ್ತು ಮೂವತ್ತೈದು ಕಿಲೋಮೀಟರ್ ಓಡಾಡಿಕೊಂಡು ಬಿಎ ಆದರೆ ಹೇಗೋ ಆಗುತ್ತದೆ, ಲ್ಯಾಬ್ ಇರುವ ಬಿಎಸ್ಸಿ ಆಗುವುದಿಲ್ಲ ಅಂದವರೇ ಹೆಚ್ಚು. ಆಯಿತು, ಡಿಸ್ಟಿಂಕ್ಷನ್‌ನಲ್ಲೇ ಆಯಿತು. ಹಾಗೆ ಅಂದು ರೂಮು ಮಾಡಿದವರಲ್ಲಿ ಕೆಲವರು ಇನ್ನೂ ಬ್ಯಾಕ್‌ಲಾಗ್ ಕಟ್ಟುತ್ತಿದ್ದಾರೆ, ಆ ಮಾತು ಬೇಡ. ಅಡ್ಮಿಷನ್, ಯುಯುಸಿಎಂಎಸ್ (ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್) ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಓಡಾಡುವವರು ಸೋಲುವುದು ಓದಿನಲ್ಲಲ್ಲ, ಮೊದಲ ಪೀರಿಯಡ್‌ನಲ್ಲಿ. ಹಾಜರಾತಿ ಶೇ. 75 ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಪೇಪರ್‌ವಾರು ಎಣಿಸುತ್ತಾರೆ ಅನ್ನುವುದನ್ನೇ ಮರೆಯುತ್ತಾರೆ. ಬಸ್ ತಡವಾದರೆ ಪೆಟ್ಟು ಎಲ್ಲ ವಿಷಯಕ್ಕೂ ಹಂಚಿ ಬೀಳುವುದಿಲ್ಲ, ಬೆಳಗಿನ ಮೊದಲ ಗಂಟೆಯ ವಿಷಯಕ್ಕೇ ಬೀಳುತ್ತದೆ. ವಾರಕ್ಕೆ ನಾಲ್ಕು ಕ್ಲಾಸಿನ ಪೇಪರಿಗೆ ಮೂರು ಕ್ಲಾಸು ಮೊದಲ ಗಂಟೆಯಲ್ಲೇ ಇದ್ದರೆ, ಆ ಮೂರರಲ್ಲಿ ವಾರಕ್ಕೊಂದು ದಿನ ಲೇಟಾದರೂ ಅದು ಸರಿಯಾಗಿ 75ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಒಂದು ಜ್ವರ ಸಾಕು, ಶಾರ್ಟೇಜ್ ಲಿಸ್ಟಿನಲ್ಲಿ, ಅಂದರೆ ಹಾಜರಾತಿ ಸಾಲದವರ ಪಟ್ಟಿಯಲ್ಲಿ, ಹೆಸರು. ಲ್ಯಾಬ್ ಇನ್ನೂ ಬಿಗಿ: ವಾರಕ್ಕೊಂದೇ ಇದ್ದು ಸೆಮಿಸ್ಟರ್‌ಗೆ ಹದಿನಾಲ್ಕು ನಡೆದರೆ ತಪ್ಪಿಸಬಹುದಾದದ್ದು ಮೂರು.

ಅದಕ್ಕೆ ನಾನು ಪ್ರತಿ ಸೆಮಿಸ್ಟರ್‌ನ ಟೈಮ್‌ಟೇಬಲ್ ಬಂದ ದಿನವೇ ಮೊದಲ ಗಂಟೆಯ ವಿಷಯಗಳ ಕೆಳಗೆ ಗೆರೆ ಎಳೆದು, ಅವುಗಳ ಹಾಜರಾತಿಯನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬೇರೆಯಾಗಿ ಬರೆದಿಡುತ್ತಿದ್ದೆ. ಉಳಿದ ವಿಷಯಗಳು ತಮ್ಮ ಪಾಡಿಗೆ ತಾವು ನಡೆಯುತ್ತವೆ.

ಬಸ್ ಆರಿಸುವುದರಲ್ಲೂ ಬೋರ್ಡಿನ ಸಮಯ ನಂಬಬಾರದು. ದೂರದಿಂದ ಬರುವ ಬಸ್ಸು ಹದಿನೈದು ಇಪ್ಪತ್ತು ನಿಮಿಷ ಹಿಂದೆಮುಂದೆ ಆಗೇ ಆಗುತ್ತದೆ. ರಾತ್ರಿ ಊರಲ್ಲೇ ಹಾಲ್ಟ್ ಮಾಡುವ ಬಸ್ಸು ಮಾತ್ರ ಹೇಳಿದ ಹೊತ್ತಿಗೆ ಹೊರಡುತ್ತದೆ, ಏಕೆಂದರೆ ಅದಕ್ಕೆ ಹಿಂದೆ ದಾರಿಯೇ ಇಲ್ಲ. ಅದು ತೀರಾ ಬೇಗ ಅಂತ ಎಲ್ಲರೂ ಬಿಡುತ್ತಾರೆ, ನಾನು ಅದನ್ನೇ ಹಿಡಿದೆ. ಕ್ಲಾಸಿಗೆ ಮುಂಚೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಲ್ಯಾಬ್ ರೆಕಾರ್ಡ್ ಬರೆದು ಮುಗಿಯುತ್ತದೆ. ಮಧ್ಯಾಹ್ನದ ಲೀಜರ್ ಪೀರಿಯಡ್ ಲೈಬ್ರರಿಗೆ. ಮನೆಗೆ ಹೋಗಿ ಬರೆಯುತ್ತೇನೆ ಅಂದುಕೊಂಡವರ ರೆಕಾರ್ಡ್ ಸೈನ್ ಆಗಿದ್ದನ್ನು ನಾನು ಕಂಡಿಲ್ಲ. ಸೋಮವಾರ ಮತ್ತು ಸಂತೆ ದಿನ ಬಸ್ಸಿನ ಲೆಕ್ಕ ಬೇರೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸು ಎರಡು ಸ್ಟಾಪ್ ಮೊದಲೇ ತುಂಬಿರುತ್ತದೆ. ಹೆಣ್ಣುಮಕ್ಕಳಿಗೆ ಪಾಸಿನ ಖರ್ಚೇ ಇಲ್ಲ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಮುಗಿಯಿತು. ಸಂಜೆ ಸೀಟು ಹಿಡಿಯುವುದಕ್ಕೆ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆದರೆ ನಮ್ಮೂರಿನ ಜೂನಿಯರ್‌ಗಳು ನಿಂತುಕೊಂಡು ಬರಬೇಕಾಗುತ್ತದೆ.

ಮಧ್ಯಾಹ್ನದ ಲ್ಯಾಬ್ ಬ್ಯಾಚ್ ಬಿದ್ದರೆ ಕೊನೆ ಬಸ್ಸಿಗೂ ಅದಕ್ಕೂ ಜಗಳ. ಬ್ಯಾಚನ್ನು ಸಾಮಾನ್ಯವಾಗಿ ರೋಲ್ ನಂಬರ್ ಪ್ರಕಾರ ಒಡೆಯುತ್ತಾರೆ. ಹೆಸರು ರಿಜಿಸ್ಟರ್‌ಗೆ ಏರುವ ಮೊದಲೇ, ಮೊದಲ ವಾರದಲ್ಲೇ, ಅದಲುಬದಲಿಗೆ ಒಪ್ಪಿದ, ಕಾಲೇಜಿನ ಊರಲ್ಲೇ ಇರುವ ಹುಡುಗನನ್ನೂ ಕರೆದುಕೊಂಡು ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಮುಂದೆ ನಿಲ್ಲಬೇಕು. ಒಬ್ಬರೇ ಹೋದರೆ 'ನೋಡೋಣ' ಅನ್ನುತ್ತಾರೆ. ಅತಿಥಿ ಉಪನ್ಯಾಸಕರ ನೇಮಕ ತಡವಾದ ಸೆಮಿಸ್ಟರ್‌ನಲ್ಲಿ ಪಾಠ ಮುಗಿಸಲು ಕೊನೆಗೆ ಶನಿವಾರ ಮಧ್ಯಾಹ್ನ ಎಕ್ಸ್‌ಟ್ರಾ ಕ್ಲಾಸು ಇಡುತ್ತಾರೆ. ಬಸ್ಸಿನಲ್ಲಿ ಓಡಾಡುವವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಸ್ಟೆಲ್‌ನಲ್ಲಿ ಒಬ್ಬ ಸ್ನೇಹಿತ ಇರಲೇಬೇಕು.

ಪಾಸಿನ ಅರ್ಜಿ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಪದವಿಗೆ ಹತ್ತು ತಿಂಗಳಿಗೆ ಸಾವಿರದ ಐವತ್ತರ ಆಸುಪಾಸು ಕಟ್ಟಿದ ನೆನಪು, ಪರಿಶಿಷ್ಟರಿಗೆ ಬಹಳ ಕಡಿಮೆ. ನಡುವೆ ಬಸ್ ಬದಲಿಸುವವರು ಆ ಊರಿನ ಹೆಸರು ಪಾಸಿನಲ್ಲಿ ನಮೂದಾಗಿದೆಯೇ ಅಂತ ಕೌಂಟರ್‌ನಲ್ಲೇ ನಿಂತು ನೋಡಿಕೊಳ್ಳಿ. ಇಲ್ಲದಿದ್ದರೆ ಎರಡನೇ ಬಸ್ಸಿನ ಕಂಡಕ್ಟರ್ ಟಿಕೆಟ್ ಕೇಳುತ್ತಾನೆ, ಅವನ ತಪ್ಪಲ್ಲ. ಸೆಮಿಸ್ಟರ್ ಎಳೆದಾಡಿದ ವರ್ಷ ಪರೀಕ್ಷೆಯ ಹೊತ್ತಿಗೆ ಪಾಸಿನ ಅವಧಿ ಮುಗಿದಿರುತ್ತದೆ. ಆ ಟಿಕೆಟ್ಟಿನ ದುಡ್ಡು ಮೊದಲೇ ಎತ್ತಿಡಬೇಕು.

ಒಟ್ಟು ಲೆಕ್ಕ ಸುಮಾರಾಗಿ ಹೀಗಿತ್ತು. ಜೊತೆಗಾರರು ರೂಮಿಗೆ, ಅಡುಗೆಗೆ ತಿಂಗಳಿಗೆ ನಾಲ್ಕು ಸಾವಿರ ಸುರಿದರು, ಹತ್ತು ತಿಂಗಳಿಗೆ ನಲವತ್ತು. ನನ್ನದು ಪಾಸು, ಜೆರಾಕ್ಸು, ರೆಕಾರ್ಡು, ಸಂಜೆಯ ಟೀ, ಬಸ್ ತಪ್ಪಿದಾಗಿನ ಆಟೋ ಎಲ್ಲ ಸೇರಿ ಎಂಟೊಂಬತ್ತು ಸಾವಿರ ದಾಟಲಿಲ್ಲ. ಅದರಲ್ಲೂ ಆಟೋದ್ದೇ ದೊಡ್ಡ ಪಾಲು. ಅದಕ್ಕೆ ಎದುರಾಗಿ ಅಪ್ಪನ ಪಹಣಿಯ ಮೇಲೆ ರೈತರ ಮಕ್ಕಳ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿ: ಬಿಎ, ಬಿಎಸ್ಸಿ, ಬಿಕಾಂಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಸಿಗುತ್ತಿತ್ತು. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಆಗಿರಬೇಕಿತ್ತು. ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಒಪ್ಪಿಗೆಯಾಗಿಯೂ ದುಡ್ಡು ಬರಲಿಲ್ಲ ಅನ್ನುವವರು ಕಾಲೇಜಿನ ಕ್ಲರ್ಕ್ ಹತ್ತಿರ ಜಗಳವಾಡುತ್ತಾರೆ. ಅಲ್ಲಿ ಏನೂ ಇಲ್ಲ, ಗಂಟು ಇರುವುದು ಬ್ಯಾಂಕಿನಲ್ಲಿ. ಆಧಾರ್ ಜೋಡಣೆ ಒಂದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ದುಡ್ಡು ಯಾವ ಖಾತೆಗೆ ಅನ್ನುವ ಗುರುತು) ಇನ್ನೊಂದು. ಕೊನೆಯದಾಗಿ ಮ್ಯಾಪ್ ಆದ ಖಾತೆಗೇ ದುಡ್ಡು ಹೋಗುತ್ತದೆ. ಹೊಸ ಖಾತೆ ತೆರೆದಾಗ ಮ್ಯಾಪಿಂಗ್ ಅಲ್ಲಿಗೆ ಜಾರಿ, ಹಣ ನೀವು ಮರೆತ ಪಾಸ್‌ಬುಕ್ಕಿನಲ್ಲಿ ಕೂತಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೂ ಅರ್ಜಿ ತಡೆಯುತ್ತದೆ.

ಬಸ್ಸಿನಲ್ಲಿ ಓದುವ ಪ್ರಯೋಗವನ್ನೂ ಮಾಡಿದ್ದಾಯಿತು. ನಿಂತು ಪುಸ್ತಕ ಹಿಡಿಯುವುದು ಆಗದ ಮಾತು, ಕೂತರೆ ನಿದ್ದೆ. ನನ್ನ ದನಿಯಲ್ಲೇ ಒಂದೊಂದು ಯೂನಿಟ್ ಹತ್ತು ಹನ್ನೆರಡು ನಿಮಿಷಕ್ಕೆ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿದ್ದು ಕೈ ಹಿಡಿಯಿತು. ಅದೂ ಸಸ್ಯಶಾಸ್ತ್ರದ ಕುಟುಂಬಗಳು, ವ್ಯಾಖ್ಯಾನಗಳು ಇಂಥವಕ್ಕೆ ಮಾತ್ರ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೆಕ್ಯಾನಿಸಂ (ರಾಸಾಯನಿಕ ಕ್ರಿಯೆಯ ಹಂತಗಳು) ಕಿವಿಯಿಂದ ಹೋಗುವುದಿಲ್ಲ, ಬಾಣ ಬರೆಯಲೇಬೇಕು. ಫೋನಿನ ಚಾರ್ಜ್ ಮುಗಿದು ಸಂಜೆ ಮನೆಗೆ ಹೇಳಲಾಗದ ತೊಂದರೆಯೂ ಇದೆ, ಬೆಳಗ್ಗೆ ಹೋಗುವಾಗಷ್ಟೇ ಕೇಳಿ.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಸ್ನೇಹಿತನ ರೂಮಿನಲ್ಲಿ ಉಳಿಯುವುದು ಒಳ್ಳೆಯದು. ವೈವಾಗೆ (ಮೌಖಿಕ ಪರೀಕ್ಷೆಗೆ) ಹೆಸರು ಕರೆದಾಗ ಹೊರಗಡೆ ಇದ್ದರೆ ಸರದಿ ಕೊನೆಗೆ ಹೋಗುತ್ತದೆ, ಅಷ್ಟರಲ್ಲಿ ಕೊನೆ ಬಸ್ಸು ಹೊರಟಿರುತ್ತದೆ.